ಬಂಗ್ಲೆ ಸೊಪ್ಪಿನ ಹನ್ನೊಂದು ಬುಡ

2023

ಜೂನ್ 11, ಭಾನುವಾರ. ಬೆಳಿಗ್ಗೆ 7

ಅಳತೆ ಮುಗಿಯಿತು. ಒಂದನೇ ಬುಡ 5.8. ಎರಡು 6.1. ಮೂರು 4.9. ಎಲ್ಲ ರಿಜೆಕ್ಟ್. ಒಂಬತ್ತನೆಯದು ಮೊನ್ನೆಯ ಗಾಳಿಗೆ ವಾಲಿತ್ತು, ಕೋಲು ಕೊಟ್ಟು ಕಟ್ಟಿದೆ. ಹನ್ನೆರಡನೆಯದು ಹೋದ ವರ್ಷವೇ ಕೊಳೆತು ಹೋಯಿತು. ಅದರ ಜಾಗ ಹಾಗೇ ಬಿಟ್ಟಿದ್ದೇನೆ. ಉಳಿದದ್ದು ಹನ್ನೊಂದು.

ಪಕ್ಕದ ಮಹಡಿಯವರು ನೋಡುತ್ತಾರೆ. ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ವರ್ನಿಯರ್ ಹಿಡಿದು ಹುಲ್ಲು ಅಳೆಯುವ ಹೆಂಗಸು. ನೋಡಲಿ. ಇಪ್ಪತ್ತೊಂದು ವರ್ಷದಿಂದ ಫ್ಯಾಕ್ಟರಿಯಲ್ಲಿ ಪಿನ್ನು, ಬುಷ್ಷು ಅಳೆದ ಕೈ. ಭಾನುವಾರ ಒಂದು ದಿನ ಸುಮ್ಮನಿರು ಅಂದರೆ ಇರುತ್ತದಾ.

ಕುಡಿ ಎಂಟು ಮಿಲಿಮೀಟರ್ ದಾಟಬೇಕು. ಅಂದರೆ ಪೆನ್ಸಿಲ್ ಗಾತ್ರ. ಅದಕ್ಕಿಂತ ಸಣ್ಣದನ್ನು ಕತ್ತರಿಸಬಾರದು, ಸೊಪ್ಪಾಗಲು ಬಿಡಬೇಕು. ದಪ್ಪ ಬಂದರೂ ನೆಟ್ಟು ಮೂರು ವರ್ಷ ಆಗುವವರೆಗೆ ಕತ್ತಿ ಮುಟ್ಟಿಸಬಾರದು. ಮೊಬೈಲಿನಲ್ಲಿ ನೋಡಿದ ಎಲ್ಲ ವಿಡಿಯೋದಲ್ಲೂ ಇದೇ ಮಾತು. ನೆಟ್ಟದ್ದು 2022ರ ಸಂಕ್ರಾಂತಿ ಮಾರನೇ ದಿನ. ಇನ್ನೂ ಒಂದೂವರೆ ವರ್ಷ ಇದೆ.

ಫ್ಯಾಕ್ಟರಿಯಲ್ಲೂ ಈ ಮನೆಯಲ್ಲೂ ಜೊತೆಗಿದ್ದ ಚಂದ್ರಲೇಖಾ ತನ್ನೂರಿಗೆ ಹೋಗಿ ನಾಲ್ಕು ತಿಂಗಳು. "ಒಂದು ತಿಂಗ್ಳು ಕಣೆ. ಅವ್ವ ಎದ್ದು ಕೂತ್ಕಂಡ್ರೆ ಬಂದ್ಬುಡ್ತೀನಿ" ಅಂದಿದ್ದಳು. ಅವಳ ಚಪ್ಪಲಿ ಇನ್ನೂ ಸ್ಟ್ಯಾಂಡಿನಲ್ಲಿದೆ. ಇವತ್ತು ಧೂಳು ಒರೆಸಿದೆ.

ಜೂನ್ 18, ಭಾನುವಾರ

ಮಳೆ. ಅಳತೆ ಇಲ್ಲ. ಟೀವಿ ಹಾಕಿದೆ, ಆರಿಸಿದೆ. ಹಳೆಯದನ್ನೇ ಬರೆಯುತ್ತೇನೆ.

ಈ ಬೇರುಗಳು ಚಂದ್ರಲೇಖಾಳ ಊರಾದ ಉದ್ದನಪಲ್ಲಿಯವು. ಚಂದ್ರಳ ಮುತ್ತಜ್ಜ ರಾಮಯ್ಯ ಯಾವನೋ ಬಿಳಿ ದೊರೆಯ ಬಂಗಲೆಯಲ್ಲಿ ಮಾಲಿಯಾಗಿದ್ದನಂತೆ. ದೊರೆ ತನ್ನೂರಿಗೆ ಹೊರಟಾಗ ರಾಮಯ್ಯ ಕೇಳಿದ್ದು ಒಂದು ಪುಟ್ಟಿ ಬೇರು. ತಂದು ಹೊಲದ ಬಾವಿ ಪಕ್ಕ ನೆಟ್ಟ. ಅವತ್ತಿಂದ ಅದರ ಹೆಸರು ಬಂಗ್ಲೆ ಸೊಪ್ಪು. ಮದುವೆ ಚಪ್ಪರಕ್ಕೆ ಅದೇ, ಹಬ್ಬಕ್ಕೆ ಬಾಗಿಲಿಗೂ ಅದೇ. ಮಿಕ್ಕಿದ್ದು ಗುಲಾಬಿ ಕಟ್ಟಿನ ಜೊತೆ ಹೊಸೂರು ಹೂವಿನ ಮಾರ್ಕೆಟ್ಟಿಗೆ. "ನಮ್ಮನೇಲಿ ಒಳ್ಳೇದಾಗ್ಲಿ ಕೆಟ್ಟದಾಗ್ಲಿ, ಈ ಸೊಪ್ಪು ಇರ್ಲೇಬೇಕು" ಅನ್ನುತ್ತಿದ್ದಳು. ಅದು ತಿನ್ನುವ ವಸ್ತು ಅಂತ ಆ ಮನೆಯಲ್ಲಿ ಮೂರು ತಲೆಮಾರು ಯಾರಿಗೂ ಗೊತ್ತಿಲ್ಲ.

ಕ್ಯಾಂಟೀನಿನಲ್ಲಿ ನಾನೇ ಮೊಬೈಲಿನಲ್ಲಿ ಫೋಟೋ ತೋರಿಸಿದ್ದು. "ಇದು ಆಸ್ಪರಾಗಸ್ ಕಣೆ. ಸ್ಟಾರ್ ಹೋಟೆಲಲ್ಲಿ ಬೆಣ್ಣೆ ಹಾಕ್ಕೊಂಡು ತಿಂತಾರೆ."

ಅವಳು ಫೋನನ್ನು ಹಿಂದೆ ಮುಂದೆ ಮಾಡಿ ನೋಡಿದಳು. "ನಮ್ಮಜ್ಜಿ ಈ ಕುಡೀನೆಲ್ಲ ಮುರ್ದು ಎಮ್ಮೆಗೆ ಹಾಕೋಳು. ನಮ್ಮೆಮ್ಮೆ ದಿನಾ ಸ್ಟಾರ್ ಹೋಟ್ಲು ಊಟ ಮಾಡ್ಕಂಡಿತ್ತು ಬುಡು."

ಸೂಪರ್‌ವೈಸರ್ ಬಂದು ಎಬ್ಬಿಸುವವರೆಗೆ ನಕ್ಕಿದ್ದೆವು. ಮುಂದಿನ ವಾರ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಹನ್ನೆರಡು ಬೇರು ತಂದಳು. ಗುಣಿ ತೋಡಿದ್ದೂ ಅವಳೇ, ಎಡಗೈಯಲ್ಲಿ. ಅವಳದು ಎಲ್ಲ ಎಡಗೈ. ಲೈನಿನಲ್ಲಿ ಬಿಡಿಭಾಗ ಹಿಡಿದು ಕೂರಿಸುವ ಫಿಕ್ಸ್‌ಚರ್ ಬಲಗೈಯವರಿಗೆ ಮಾಡಿದ್ದು ಅಂತ ಇವಳು ಹತ್ತೊಂಬತ್ತು ವರ್ಷ ಬೈಸಿಕೊಂಡಳು.

ಮೊದಲ ಕೊಯ್ಲು ಇಬ್ಬರೂ ಕೂತು ತಿನ್ನಬೇಕು ಅಂತ ಮಾತಾಗಿತ್ತು. ಬೆಣ್ಣೆ ಅಂದೆ ನಾನು. ಅವರೆಕಾಳು ಹಾಕಿ ಸಾರು ಅಂದಳು ಅವಳು. ಅದು ಇನ್ನೂ ತೀರ್ಮಾನವಾಗಿಲ್ಲ.

ಜುಲೈ 30, ಭಾನುವಾರ

ಚಂದ್ರ ರಿಸೈನ್ ಮಾಡಿದ್ದಾಳೆ. ನನಗೆ ಗೊತ್ತಾದದ್ದು ಶುಕ್ರವಾರ, ಎಚ್‌ಆರ್‌ನ ಹುಡುಗಿಯಿಂದ. ಲಾಕರ್ ಖಾಲಿ ಮಾಡಿಕೊಡಿ ಮೇಡಂ, ನಿಮ್ಮ ಫ್ರೆಂಡ್ ಅಲ್ಲವಾ ಅಂದಳು. ಲಾಕರಿನಲ್ಲಿ ಒಂದು ಬಾಚಣಿಗೆ, ಅರ್ಧ ಸ್ಟ್ರಿಪ್ ತಲೆನೋವಿನ ಮಾತ್ರೆ, ನನ್ನ ಹಳೆಯ ಕರ್ಚೀಫು.

ಇವತ್ತು ಫೋನ್ ಮಾಡಿ ಕೇಳಿದೆ. "ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬ್ಯಾಡ ಅಂತಿದ್ದೆ. ಅವ್ವನ ಬಲಗಡೆ ಪೂರಾ ಹೋಗ್ಬುಟ್ಟದೆ ಮಾಲಿನಿ. ನಾನು ತಿನ್ನಿಸಿದ್ರೇ ಬಾಯಿ ತೆಗಿಯೋದು. ತಮ್ಮ ತಿಮ್ಮರಾಜು, ಅವನ ಹೆಂಡ್ತಿ ಇಬ್ರೂ ಏಳು ಗಂಟೆಗೆ ಕಂಪ್ನಿ ಬಸ್ ಹತ್ಬುಡ್ತಾರೆ. ಇನ್ನ್ಯಾರು ನೋಡ್ಬೇಕು?"

ನ್ಯಾಯವೇ. ಆದರೂ ಸಿಟ್ಟು ಬಂತು. ಗಿಡ ಹೇಗಿದೆ ಅಂತ ಕೇಳಿದಳು. ಸಣ್ಣಗೇ ಇದೆ, ದಿನಾ ನೀರು ಹಾಕುತ್ತಿದ್ದೇನೆ ಅಂದೆ.

"ಅಷ್ಟ್ ನೀರು ಬ್ಯಾಡ ಕಣೆ. ನಮ್ಮಜ್ಜಿ ಧನುರ್ಮಾಸದಾಗೆ ಎಲ್ಲ ನೆಲಕ್ ಕೊಯ್ದು ಒಣಗಕ್ ಬುಟ್ಬುಡೋಳು. ಅದುಕ್ಕೂ ಒಸಿ ನಿದ್ದೆ ಬೇಕು."

ಎಮ್ಮೆಗೆ ಹಾಕಿದವರ ಮಾತು ಕೇಳಬೇಕಾ ನಾನು ಅಂದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಅವ್ವ ಕರೀತದೆ, ಇಡ್ತೀನಿ ಅಂದಳು.

ಅಕ್ಟೋಬರ್ 22, ಭಾನುವಾರ

ನಾಳೆ ಆಯುಧಪೂಜೆ. ತಿರುವಿನಲ್ಲಿ ಹೂ ಮಾರುವ ಭದ್ರಮ್ಮ ನಾನಿಲ್ಲದಾಗ ಹಿತ್ತಲಿಗೆ ಬಂದು ಒಂದು ಹಿಡಿ ಸೊಪ್ಪು ಮುರಿದಿದ್ದಾಳೆ. ತರಕಾರಿ ತಂದು ವಾಪಸ್ ಬರುವಾಗ ಸಿಕ್ಕಿಬಿದ್ದಳು.

"ಹಾರಕ್ಕೆ ಒಂದೀಟು ಹಸ್ರು ಬೇಕಿತ್ತಮ್ಮ. ಇಷ್ಟೊಂದು ಬೆಳ್ದದಲ್ಲ, ಪೂರಾ ವೇಸ್ಟಾಗ್ತದೆ. ಚಂದ್ರಮ್ಮ ಇದ್ದಾಗ ಅವ್ರೇ ಕೊಡೋರು."

ಇದು ಅಲಂಕಾರದ ಸೊಪ್ಪಲ್ಲ, ಎಲೆ ಹೋದರೆ ಬೇರಿಗೆ ಊಟ ಇಲ್ಲ, ಮೂರು ವರ್ಷದ ಕೆಲಸ ಹಾಳು ಅಂತ ಕೂಗಾಡಿದೆ. ಕಳ್ಳಿ ಅಂತಲೂ ಅಂದೆ. ಬೀದಿಯವರೆಲ್ಲ ಹೊರಗೆ ಬಂದರು. ಭದ್ರಮ್ಮ ಸೊಪ್ಪನ್ನು ಗೇಟಿನ ಮೇಲಿಟ್ಟು ಹೋದಳು. ಆ ಮಾತು ಬೇಡವಿತ್ತು.

ಸಂಜೆ ಗೇಟಿಗೆ ಬೀಗ ತಂದೆ. ಎರಡು ಕೀ ಇದೆ. ಒಂದನ್ನು ಚಂದ್ರ ಹಬ್ಬಕ್ಕೆ ಬಂದಾಗ ಕೊಡಬೇಕು.

ಅಕ್ಟೋಬರ್ 24, ಮಂಗಳವಾರ

ಬರಲಿಲ್ಲ. ಅವಳ ಪಾಲಿನ ಒಬ್ಬಟ್ಟು ಫ್ರಿಜ್ಜಿನಲ್ಲಿದೆ.

2024

ಜನವರಿ 16, ಮಂಗಳವಾರ

ನಾನೇ ಹೋಗಿದ್ದೆ. ಹೊಸೂರಿನಿಂದ ಉದ್ದನಪಲ್ಲಿ ಎಷ್ಟು ದೂರ, ಬಸ್ ಹತ್ತಿದರೆ ಮುಕ್ಕಾಲು ಗಂಟೆ. ಒಂದು ವರ್ಷ ಹೋಗಲಿಲ್ಲ. ಅವಳೇ ಬರಲಿ ಅಂತ.

ಅವಳ ಅವ್ವ ಅಂಜಮ್ಮ ಮಂಚದ ಮೇಲೆ. ನನ್ನನ್ನು ನೋಡಿ ಎಡಗಣ್ಣಲ್ಲಿ ನೀರು. ಚಂದ್ರ ಅವರಿಗೆ ಗಂಜಿ ಕುಡಿಸುತ್ತಾ ಕೂತಿದ್ದಳು, ತುಟಿ ಒರೆಸುವುದು, ಮತ್ತೆ ಒಂದು ಚಮಚ. ಸೊರಗಿದ್ದಾಳೆ. ತಲೆ ಮುಂದೆ ಪೂರ್ತಿ ಬೆಳ್ಳಗಾಗಿದೆ. ನನಗೆ ಕುರ್ಚಿ ಹಾಕಿದರು. ತಿಮ್ಮರಾಜುವಿನ ಹೆಂಡತಿ ನಾಗಲಕ್ಷ್ಮಿ ಟ್ರೇನಲ್ಲಿ ಕಾಫಿ ತಂದಳು. ಒಂದೇ ಅಡಿಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಚಂದ್ರಳ ಎಂಜಲು ಲೋಟದಲ್ಲೇ ಕಾಫಿ ಕುಡಿದವಳು ನಾನು. ಈಗ ನನಗೆ ಟ್ರೇ.

ಬಾವಿ ಹತ್ತಿರ ಕರೆದುಕೊಂಡು ಹೋದಳು. ಹಳೆಯ ಪಾತಿ ಇಲ್ಲ. ತಿಮ್ಮರಾಜು ಅಲ್ಲಿ ಗುಲಾಬಿಗೆ ಪಾಲಿಹೌಸ್ ಹಾಕಿಸಿದ್ದಾನೆ. ಜೆಸಿಬಿ ಬಂದು ಎಲ್ಲ ಎತ್ತಿಬಿಟ್ಟಿತಂತೆ.

"ಒಂದ್ ಮಾತು ಕೇಳ್ನಿಲ್ಲ ಅವ್ನು. ಅವ್ವನ ಆಸ್ಪತ್ರೆಗೆ ಕರ್ಕಂಡೋಗಿದ್ದೆ, ಬರೋಷ್ಟೊತ್ಗೆ ಮಟ್ಟ ಮಾಡ್ಬುಟ್ಟಿದ್ದ" ಅಂದಳು. "ಇನ್ನ ನಿನ್ನತ್ರ ಇರೋದೇ ಕಣೆ. ಹನ್ನೊಂದು."

ಕಾಪಾಡುತ್ತೇನೆ ಅಂದೆ. ಗೇಟಿನ ಕೀ ಕೈಗೆ ಕೊಟ್ಟೆ. ಯಾವಾಗ ಬೇಕಾದರೂ ಬಾ, ನಾನಿಲ್ಲದಿದ್ದರೂ ಬಾ ಅಂದೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಜೂನ್ 9, ಭಾನುವಾರ

5.2. 4.8. 5.0. 4.4. ಎಲ್ಲ ರಿಜೆಕ್ಟ್.

ಹೋದ ವರ್ಷಕ್ಕಿಂತ ಸಣ್ಣ. ಅರ್ಥವಾಗುತ್ತಿಲ್ಲ. ಕೊಟ್ಟಿಗೆ ಗೊಬ್ಬರ ಹಾಕಿದ್ದೇನೆ, ಬೇವಿನ ಹಿಂಡಿ ಹಾಕಿದ್ದೇನೆ, ಒಂದು ದಿನ ನೀರು ತಪ್ಪಿಸಿಲ್ಲ, ಒಂದು ಎಲೆ ಯಾರಿಗೂ ಮುಟ್ಟಲು ಬಿಟ್ಟಿಲ್ಲ. ವಿಡಿಯೋದವರು ಹೇಳುತ್ತಾರೆ, ಚಳಿಗೆ ಹಿಮ ಬಿದ್ದು ಸೊಪ್ಪು ತಾನೇ ಒಣಗುತ್ತದೆ, ಆಮೇಲೆ ಕತ್ತರಿಸಿ ಅಂತ. ಹೊಸೂರಿನಲ್ಲಿ ಹಿಮ ಎಲ್ಲಿಂದ ತರಲಿ. ಇಲ್ಲಿ ವರ್ಷವಿಡೀ ಹಸಿರು. ಕುಡಿ ಬರುತ್ತಲೇ ಇರುತ್ತದೆ, ಹೊಲಿಗೆ ದಾರದ ಹಾಗೆ.

ಲೈನಿನಲ್ಲಾದರೆ ಮೆಷಿನ್ ನಿಲ್ಲಿಸಿ ಕಾರಣ ಹುಡುಕುತ್ತಿದ್ದೆ. ಇಲ್ಲಿ ಯಾವುದನ್ನು ನಿಲ್ಲಿಸಬೇಕೋ ತಿಳಿಯದು.

ಆಗಸ್ಟ್ 15, ಗುರುವಾರ

ರಜೆ. ಇವತ್ತು ಬಾಯಿಂದ ಬಂದ ಮಾತು ಲೆಕ್ಕ ಹಾಕಿದೆ. ಹಾಲಿನವನಿಗೆ "ಅರ್ಧ ಲೀಟರ್". ರಾಂಗ್ ನಂಬರಿಗೆ "ಅಲ್ಲ". ಒಲೆಯ ಮೇಲೆ ಹಾಲು ಉಕ್ಕಿದಾಗ "ಅಯ್ಯೋ". ನಾಲ್ಕು ಶಬ್ದ.

ಚಂದ್ರ ಇದ್ದಾಗ ಬಾಯಿ ಮುಚ್ಚೇ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ. ಸಾಮಾನ್ಯ ವಟವಟ ಅಲ್ಲ ಅವಳದು. ಹಲ್ಲು ಉಜ್ಜುವಾಗಲೂ ಮಾತು. ಈಗ ಆ ಶಬ್ದ ಬೇಕು ಅನ್ನಿಸುತ್ತದೆ. ಬೇಕು ಅಂದರೆ ಬೇಕು, ಅಷ್ಟೇ. ಇದನ್ನು ಅವಳಿಗೆ ಫೋನಿನಲ್ಲಿ ಹೇಳುವುದಕ್ಕೆ ಬರುವುದಿಲ್ಲ. ಫೋನಿನಲ್ಲಿ ಊಟ ಆಯ್ತಾ, ಅವ್ವ ಹೇಗಿದ್ದಾರೆ, ಅಷ್ಟೇ ಬರುತ್ತದೆ.

ನವೆಂಬರ್ 9, ಶನಿವಾರ

ಶಿಫ್ಟಿಗೆ ಹೊರಡುವಾಗ ಚಂದ್ರ ಫೋನ್. ಎರಡು ನಿಮಿಷ. ಅವ್ವ ಗಂಜಿಯನ್ನೂ ಸರಿಯಾಗಿ ನುಂಗುತ್ತಿಲ್ಲವಂತೆ. ನನಗೆ ಇನ್ಸ್‌ಪೆಕ್ಷನ್ ಆಡಿಟ್ ಇತ್ತು, ಆಮೇಲೆ ಮಾಡುತ್ತೇನೆ ಅಂದೆ. ಆಮೇಲೆ ಮಾಡಿದಾಗ ಎತ್ತಲಿಲ್ಲ. ಅವಳೇ ಮಾಡಲಿ.

ಡಿಸೆಂಬರ್ 19, ಗುರುವಾರ. ಸಂಜೆ 4.30



ಫಸ್ಟ್ ಶಿಫ್ಟ್ ಮುಗಿಸಿ ಲಾಕರ್ ತೆಗೆದೆ. ಶಾಪ್ ಫ್ಲೋರಿಗೆ ಫೋನ್ ಒಯ್ಯುವ ಹಾಗಿಲ್ಲ, ಬೆಳಿಗ್ಗೆ ಆರಕ್ಕೆ ಲಾಕರಿಗೆ ಹೋದರೆ ಮತ್ತೆ ಕೈಗೆ ಬರುವುದು ಮಧ್ಯಾಹ್ನವೇ. ಮೂರು ಮಿಸ್ಡ್ ಕಾಲ್. ಮೂರೂ ಚಂದ್ರ. 9.10, 9.40, 10.25. ನಲವತ್ತು ದಿನ ಒಂದು ಫೋನಿಲ್ಲ, ಈಗ ಒಂದೇ ದಿನ ಮೂರು. ಕಾಯಲಿ, ಮನೆಗೆ ಹೋಗಿ ಕಾಫಿ ಕುಡಿದು ನಿಧಾನಕ್ಕೆ ಮಾಡುತ್ತೇನೆ ಅಂದುಕೊಂಡೆ.

ಮನೆಗೆ ಬಂದರೆ ಗೇಟಿಗೆ ಬೀಗ ಹಾಕಿದ ಹಾಗೇ ಇದೆ. ಹಿತ್ತಲು ಬೋಳು.

ಹನ್ನೊಂದೂ ಬುಡ. ಎದೆಮಟ್ಟ ನಿಂತಿದ್ದ ಸೊಪ್ಪು ಒಂದು ಕಡ್ಡಿ ಇಲ್ಲ. ನೆಲಸಮ. ಮೂರು ವರ್ಷಕ್ಕೆ ಇಪ್ಪತ್ತೇಳು ದಿನ ಬಾಕಿ ಇತ್ತು.

ಕೂತು ಗಾಯ ನೋಡಿದೆ. ಬಲಗೈಯವರು ಕುಡುಗೋಲು ಹಾಕಿದರೆ ಓರೆ ಒಂದು ಕಡೆಗೆ ಇಳಿಯುತ್ತದೆ. ಇಲ್ಲಿ ಹನ್ನೊಂದರಲ್ಲೂ ಇನ್ನೊಂದು ಕಡೆಗೆ. ಎಡಗೈ ಕೊಯ್ತ. ಬೀಗ ತೆಗೆದು, ಕೊಯ್ದು, ಮತ್ತೆ ಬೀಗ ಹಾಕಿ ಹೋಗಿದ್ದಾಳೆ. ಒಂದು ಚೀಟಿ ಇಲ್ಲ. ಯಾರದೋ ಮದುವೆ ಚಪ್ಪರಕ್ಕಿರಬೇಕು. ಇಲ್ಲ ತಿಮ್ಮರಾಜುವಿನ ಗುಲಾಬಿ ಕಟ್ಟಿಗೆ. ಫೋನ್ ಮಾಡಿದ್ದು ಅದಕ್ಕೇ, ಕೊಯ್ದುಕೊಳ್ಳಲಾ ಅಂತ ಕೇಳುವುದಕ್ಕೆ. ಎತ್ತಲಿಲ್ಲ ಅಂತ ಬಂದು ಕೊಯ್ದಿದ್ದಾಳೆ.

ಅದೇ ದಿನ, 5.15

ಮೆಸೇಜ್ ಹಾಕಿದೆ. "ನನ್ನ ಮನೆಯ ಕೀ ವಾಪಸ್ ಕಳಿಸು. ಇನ್ನು ಇಲ್ಲಿಗೆ ಬರಬೇಡ."

ನೀಲಿ ಟಿಕ್ ಬಂತು. ಉತ್ತರ ಇಲ್ಲ. ಏನಂತ ಕೊಡುತ್ತಾಳೆ.

ಡಿಸೆಂಬರ್ 20, ಶುಕ್ರವಾರ

ಗೇಟಿಗೆ ಹೊಸ ಬೀಗ. ಹಳೆಯದನ್ನು ಗೊಬ್ಬರದ ಗುಂಡಿಗೆ ಎಸೆದೆ, ಕೀ ಸಮೇತ.

ಭದ್ರಮ್ಮನನ್ನು ಕೇಳಿದೆ, ನಿನ್ನೆ ಯಾರಾದರೂ ಬಂದಿದ್ದರಾ ಅಂತ. ಹೂ ಕಟ್ಟುತ್ತಾ ತಲೆ ಎತ್ತಲಿಲ್ಲ.

"ನಿಮ್ಮ ಸೊಪ್ಪಿನ ಸುದ್ದಿ ನಂಗ್ಯಾಕಮ್ಮ. ಮುಟ್ಟಿದ್ಕೇ ಕಳ್ಳಿ ಅಂದೋರು ನೀವು."

2025

ಜನವರಿ 2, ಗುರುವಾರ

ಬರೆಯಬೇಕು. ಬರೆಯದಿದ್ದರೆ ನಾಳೆ ನಾನೇ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಶಿಫ್ಟ್ ಬಿಟ್ಟಾಗ ಫ್ಯಾಕ್ಟರಿ ಗೇಟಿನ ಹೊರಗೆ ತಿಮ್ಮರಾಜು ನಿಂತಿದ್ದ. ಮೊದಲು ಗುರುತೇ ಸಿಗಲಿಲ್ಲ. ತಲೆ ಬೋಳಿಸಿಕೊಂಡಿದ್ದ, ಮೀಸೆಯೂ ಇಲ್ಲ.

"ಅಕ್ಕ ಕೊಟ್ಟು ಬಾ ಅಂದ್ಲು" ಅಂತ ಒಂದು ಕವರ್ ಕೊಟ್ಟ.

ಒಳಗೆ ಒಂದು ಕಾರ್ಡು. ವೈಕುಂಠ ಸಮಾರಾಧನೆ, ಮುಗಿದು ಎರಡು ದಿನವಾಗಿದೆ. ಅಂಜಮ್ಮನ ಹೆಸರು. ಕೆಳಗೆ ದೈವಾಧೀನರಾದ ದಿನಾಂಕ, 19-12-2024. ಕಾರ್ಡಿನ ಮಡಿಕೆಯಲ್ಲಿ ಗೇಟಿನ ಕೀ.

ಸೊಪ್ಪು ಯಾಕೆ ಕೊಯ್ದಳು ಅಂತ ನಾನು ಕೇಳಲಿಲ್ಲ. ಅವನೇ ಹೇಳಿದ.

"ನಮ್ಮನೇಲಿ ಯಾರೇ ಹೋದ್ರೂ ಚಟ್ಟಕ್ಕೆ ಬಂಗ್ಲೆ ಸೊಪ್ಪು ಹಾಸ್ತೀವಿ ಅಕ್ಕ, ರಾಮಯ್ಯನ ಕಾಲ್ದಿಂದ್ಲೂ. ನಾನು ಬಾವಿ ತಾವ ಎಲ್ಲ ಕಿತ್ತಾಕ್ಬುಟ್ಟಿದ್ನಲ್ಲ, ಇದ್ದಿದ್ದು ನಿಮ್ಮನೇಲೊಂದೇ. ಬೆಳಿಗ್ಗೆ ಎಂಟಕ್ಕೆ ಅವ್ವ ಹೋಯ್ತು. ಅಕ್ಕ ಆಟೋ ಹತ್ಕಂಡು ತಾನೇ ಬಂದ್ಲು. ನಿಮಗೆ ಫೋನ್ ಮಾಡ್ತಾನೇ ಇದ್ಲು."

ಮಣ್ಣು ಮಾಡಿ ಮನೆಗೆ ಬಂದು ಸ್ನಾನ ಮಾಡಿ ಕೂತಿದ್ದಾಗ ನನ್ನ ಮೆಸೇಜ್ ಬಂತಂತೆ. ಓದಿ ಫೋನನ್ನು ಗೂಡಿನಲ್ಲಿಟ್ಟು ಮಲಗಿದಳಂತೆ.

ಬಸ್ಸಿಗಾಗಿ ಅವನು ಹೊರಟ. ನಾನು ನಿಂತೇ ಇದ್ದೆ. ಸೆಕೆಂಡ್ ಶಿಫ್ಟಿನವರು ಪಕ್ಕದಲ್ಲೇ ಹಾದು ಹೋದರು. ಒಳ್ಳೇದಾಗ್ಲಿ ಕೆಟ್ಟದಾಗ್ಲಿ ಅಂತ ಅವಳೇ ಹೇಳಿದ್ದಳು. ಈ ಪುಸ್ತಕದಲ್ಲೇ ಬರೆದಿಟ್ಟಿದ್ದೇನೆ.

ಜನವರಿ 5, ಭಾನುವಾರ

ಎರಡು ಸಲ ಫೋನ್ ಮಾಡಿದೆ. ರಿಂಗ್ ಆಯಿತು. ಮೂರನೇ ಸಲಕ್ಕೆ ಧೈರ್ಯ ಬರಲಿಲ್ಲ.

ಭದ್ರಮ್ಮನ ಹತ್ತಿರ ಹೋಗಿ ಅವತ್ತಿನ ಮಾತಿಗೆ ತಪ್ಪಾಯಿತು ಅಂದೆ. ಕಟ್ಟುತ್ತಿದ್ದ ಹೂವನ್ನು ಬುಟ್ಟಿಗಿಟ್ಟು ಹೇಳಿದಳು. "ಕಾಲಲ್ಲಿ ಚಪ್ಲಿ ಇರ್ನಿಲ್ಲ ಚಂದ್ರಮ್ಮಂಗೆ. ಕೂದ್ಲು ಬಿಚ್ಚೋಗಿತ್ತು. ಕೊಯ್ದಿದ್ದುನ್ನ ಕಟ್ಟೋಕೆ ನಾನೇ ಕೈ ಜೋಡಿಸ್ದೆ. ಯಾಕೆ ಅಂತ ಕೇಳೋ ಹಂಗಿರ್ನಿಲ್ಲ ಅವ್ರ ಮುಖ."

ಸ್ಟ್ಯಾಂಡಿನಲ್ಲಿ ಅವಳ ಚಪ್ಪಲಿ ಇತ್ತು. ಬಾಗಿಲಿಗೆ ನಾನು ಬೀಗ ಹಾಕಿಕೊಂಡು ಹೋಗಿದ್ದೆ.

ಜನವರಿ 16, ಗುರುವಾರ

ಮೂರು ವರ್ಷ ಆಯಿತು. ಹಿತ್ತಲಿಗೆ ಹೋಗಿಲ್ಲ. ನೀರೂ ಹಾಕಿಲ್ಲ. ಒಣಗಲಿ.

ಮಾರ್ಚ್ 23, ಭಾನುವಾರ

ಎರಡು ತಿಂಗಳಾಯಿತು ಬರೆದು. ಬರೆಯುವಂಥದ್ದು ಇರಲಿಲ್ಲ. ಶಿಫ್ಟ್, ಅನ್ನ, ನಿದ್ದೆ. ಹಿತ್ತಲ ಬಾಗಿಲ ಚಿಲಕ ತುಕ್ಕು ಹಿಡಿದಿದೆ.

ನಿನ್ನೆ ಸಂಜೆ ಈ ವರ್ಷದ ಮೊದಲ ಮಳೆ. ಅರ್ಧ ಗಂಟೆ ಜೋರಾಗಿ ಬಂತು. ಒಣ ಮಣ್ಣಿನ ವಾಸನೆ ಅಡಿಗೆಮನೆಯವರೆಗೆ ಬಂತು. ಬಾಗಿಲು ತೆಗೆಯಲಿಲ್ಲ.

ಮಾರ್ಚ್ 30, ಭಾನುವಾರ. ಯುಗಾದಿ

ಬೇವಿನ ಚಿಗುರು ಮುರಿಯಲು ಹಿತ್ತಲಿಗೆ ಹೋಗಲೇಬೇಕಾಯಿತು.

ಪಾತಿಯಲ್ಲಿ ಮಣ್ಣು ಬಿರಿದು ಕುಡಿ ಎದ್ದು ನಿಂತಿದೆ. ಹನ್ನೊಂದೂ ಕಡೆ. ನಾನು ಹೆಬ್ಬೆರಳು ಪಕ್ಕಕ್ಕಿಟ್ಟು ನೋಡಿದೆ. ಒಳಗೆ ಹೋಗಿ ವರ್ನಿಯರ್ ತಂದೆ. 13.6. ಇನ್ನೊಂದು 14.2. ಏಳನೇ ಬುಡದಲ್ಲಿ 15.1. ಸೊನ್ನೆ ಸರಿಯಾಗಿದೆಯಾ ಅಂತ ಮತ್ತೆ ನೋಡಿ ಅಳೆದೆ. 15.1.

ಧನುರ್ಮಾಸದಲ್ಲಿ ನೆಲಕ್ಕೆ ಕೊಯ್ದು ಒಣಗಲು ಬಿಡಬೇಕು. ಅದಕ್ಕೂ ಸ್ವಲ್ಪ ನಿದ್ದೆ ಬೇಕು. ಹಿಮ ಬೀಳದ ಊರಿನಲ್ಲಿ ಹಿಮದ ಕೆಲಸ ಮಾಡಲು ಅವಳ ಅಜ್ಜಿಗೆ ಕುಡುಗೋಲಿತ್ತು. ನಾನು ಮೂರು ವರ್ಷ ನೀರೆರೆದು, ಕಾವಲು ಕಾದು, ಬೀಗ ಹಾಕಿ, ಆ ಗಿಡಕ್ಕೆ ಕಣ್ಣು ಮುಚ್ಚಲು ಬಿಡಲಿಲ್ಲ. ಅವತ್ತು ಚಂದ್ರ ಕೊಯ್ದದ್ದೇ ಅದಕ್ಕೆ ಸಿಕ್ಕ ಮೊದಲ ವಿಶ್ರಾಂತಿ.

ಪಾತಿ ಪಕ್ಕದಲ್ಲೇ ಕೂತು ಅತ್ತೆ. ಪಕ್ಕದ ಮಹಡಿಯವರು ನೋಡಿದರು. ನೋಡಲಿ.

ಏಪ್ರಿಲ್ 6, ಭಾನುವಾರ

ದಿನಾ ಬೆಳಿಗ್ಗೆ ಕತ್ತಿ ಹಿಡಿದು ಹೋಗುತ್ತೇನೆ, ವಾಪಸ್ ಬರುತ್ತೇನೆ. ಮೊದಲ ಕೊಯ್ಲು ಇಬ್ಬರೂ ಕೂತು ತಿನ್ನಬೇಕು ಅಂತ ಮಾತು. ಒಬ್ಬಳೇ ಹೇಗೆ ತಿನ್ನಲಿ. ಕತ್ತರಿಸದೇ ಬಿಟ್ಟವು ಸೊಪ್ಪಾಗುತ್ತಿವೆ.

ಇನ್ನೊಂದು ಯೋಚನೆ ಇದೆ. ವಾರದಿಂದ ಇದೆ. ಇವು ನನ್ನವಲ್ಲ. ರಾಮಯ್ಯ ಬೇಡಿ ತಂದದ್ದು, ಅವರ ಮನೆಯಲ್ಲಿ ಈಗ ಒಂದು ಎಳೆ ಇಲ್ಲ. ಮುಂದಿನ ಸಲ ಆ ಮನೆಗೆ ಸೊಪ್ಪು ಬೇಕಾದಾಗ ಯಾರೂ ಬರಿಗಾಲಲ್ಲಿ ನನ್ನ ಗೇಟಿಗೆ ಬರಬಾರದು.

ಆರು ಬುಡ ಅಗೆದು ಒಯ್ಯಬೇಕು. ಅಗೆದರೆ ಅವಕ್ಕೆ ಮತ್ತೆ ಮೊದಲಿಂದ ಮೂರು ವರ್ಷ. ಕುಡಿ ಬರುವ ಕಾಲದಲ್ಲಿ ಮುಟ್ಟಲೇಬಾರದು ಅಂತ ವಿಡಿಯೋದವರು ಹೇಳುತ್ತಾರೆ. ವಿಡಿಯೋದವರ ಮಾತು ಸಾಕು.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 6

ಅಗೆದಾಯಿತು. ಒಂದೊಂದು ಬೇರೂ ಮೊಳದುದ್ದ, ಬೆರಳು ದಪ್ಪ, ಒಂದಕ್ಕೊಂದು ಹೆಣೆದುಕೊಂಡಿವೆ. ಏಳನೆಯದೇ ಎಲ್ಲಕ್ಕಿಂತ ದೊಡ್ಡದು. ಅದನ್ನೂ ಒಯ್ಯಲು ಇಟ್ಟಿದ್ದೇನೆ. ಆರು ಬುಡದ ಕುಡಿಗಳನ್ನು ಕೊಯ್ದು ಬಾಳೆನಾರಿನಲ್ಲಿ ಕಟ್ಟಿದೆ. ಒಂದು ಒಳ್ಳೆಯ ಕಟ್ಟು ಆಯಿತು. ಅವಳು ತಂದಿದ್ದ ಅದೇ ಗೋಣಿಚೀಲ ಅಟ್ಟದ ಮೇಲಿತ್ತು. ಒದ್ದೆ ಮಾಡಿ ಸುತ್ತಿದೆ.

ಚೀಲದ ಮೂಲೆಯಲ್ಲಿ ಗೇಟಿನ ಕೀ ಇಟ್ಟು ಗಂಟು ಹಾಕಿದ್ದೇನೆ, ಅವಳು ಕಳಿಸಿದ್ದು. ಕೈಗೆ ಕೊಟ್ಟರೆ ಬೇಡ ಅನ್ನಬಹುದು. ಅದನ್ನು ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ.

ಅದೇ ದಿನ, ಸಂಜೆ 5.40

ಬಂದೆ. ಕಾಲು ತೊಳೆದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬಸ್ಸಿನಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡಿದ್ದೆ, ನೀರು ಸೋರಿ ಸೀರೆ ಒದ್ದೆ. ಕಂಡಕ್ಟರ್ ತಮಿಳಿನಲ್ಲಿ "ಎನ್ನಮ್ಮಾ, ಮೀನಾ?" ಅಂದ. ಅಲ್ಲ, ಬೇರು ಅಂದೆ.

ಚಂದ್ರ ಕೊಟ್ಟಿಗೆಯ ಮುಂದೆ ಇದ್ದಳು. ನನ್ನನ್ನು ನೋಡಿದಳು. ಬಾ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ತಪ್ಪಾಯ್ತು ಚಂದ್ರ ಅಂದೆ, ಅಷ್ಟೇ.

"ಮೂರು ಸಲ ಫೋನ್ ಮಾಡ್ದೆ" ಅಂದಳು.

"ಲಾಕರಿನಲ್ಲಿತ್ತು."

"ಮಧ್ಯಾನ ತೆಗೀನಿಲ್ವಾ?"

"ತೆಗೆದೆ."

"ನೋಡ್ದಾ?"

"ನೋಡಿದೆ. ಕಾಯಲಿ ಅಂದುಕೊಂಡೆ."

ಸುಳ್ಳು ಹೇಳಬಹುದಿತ್ತು. ಅವಳಿಗೆ ಇಷ್ಟು ವರ್ಷ ಹೇಳಿಲ್ಲ.

ಕುಡಿಯ ಕಟ್ಟನ್ನು ಮುಂದೆ ಹಿಡಿದೆ. ತೆಗೆದುಕೊಂಡಳು. ತಿರುಗಿಸಿ ನೋಡಿದಳು, ಒಂದನ್ನು ಹೆಬ್ಬೆರಳಿನಿಂದ ಒತ್ತಿದಳು. ಬಾಳೆನಾರು ಬಿಚ್ಚಿದಳು. ಪೂರ್ತಿ ಕಟ್ಟನ್ನು ಹಸುವಿನ ಮುಂದೆ ಹಾಕಿದಳು. ನಾನು ನೋಡುತ್ತಾ ನಿಂತೆ. ಹಸು ನಾಲ್ಕು ಬಾಯಿಗೆ ಮುಗಿಸಿತು. ಮೂರು ವರ್ಷ, ಮೂರು ತಿಂಗಳು.

ನನಗೆ ಅದು ಸಲ್ಲಬೇಕಾದದ್ದೇ. ಚೀಲ ಕೆಳಗಿಟ್ಟು ಬಿಚ್ಚಿದೆ.

ಬೇರುಗಳನ್ನು ನೋಡಿದಾಗ ಅವಳು ಕೂತುಬಿಟ್ಟಳು. ಆರು ಅಂತ ಬೆರಳಲ್ಲಿ ಎಣಿಸಿದಳು. "ಯಾಕ್ ಕಿತ್ತೆ? ಇವಾಗ ತಾನೇ ಕಣ್ ಬುಟ್ಟಿದ್ವು. ಇನ್ನ ಮೂರು ವರ್ಷ ಆಗ್ತದೆ."

"ಆಗಲಿ. ನಿಮ್ಮ ಮನೆಯಲ್ಲಿರಬೇಕು."

ಎದ್ದು ಗುದ್ದಲಿ ತಂದಳು. ಬಾವಿಯ ಕಡೆ ಹೋಗಲಿಲ್ಲ, ಹೊಲದ ಮೇಲಿನ ಬದುವಿಗೆ ಹೋದಳು. ಅಲ್ಲಿ ಅಂಜಮ್ಮನನ್ನು ಇಟ್ಟಿದ್ದಾರೆ. ಮಣ್ಣಿನ ದಿಬ್ಬ ಇನ್ನೂ ಇಳಿದಿಲ್ಲ.

"ಇಲ್ಲಿಡಾಣ. ಇಲ್ಲಿಗೆ ಯಾವ ಜೆಸಿಬಿನೂ ಬರಲ್ಲ."

ಅವಳು ಎಡಗೈಯಲ್ಲಿ ಗುಣಿ ತೋಡಿದಳು, ನಾನು ಬೇರು ಹರಡಿ ಹಿಡಿದುಕೊಂಡೆ, ಅವಳು ಮಣ್ಣು ಎಳೆದಳು. ಆರು ಗುಣಿಗೂ ಹಾಗೇ. ಬಿಸಿಲು ನೆತ್ತಿಗೆ ಬಂದಿತ್ತು. ನಾನು ಕೊಡದಲ್ಲಿ ನೀರು ತಂದು ಹುಯ್ಯಲು ಹೋದೆ. "ಸಾಕು" ಅಂದಳು. ನಿಲ್ಲಿಸಿದೆ.

ಊಟಕ್ಕೆ ಕರೆದಳು. ನೆಲದ ಮೇಲೆ ಕೂತು ಮುದ್ದೆ ಉಂಡೆವು. ಕುರ್ಚಿ ಹಾಕಲಿಲ್ಲ. ಅವಳು ಮಾತಾಡಲಿಲ್ಲ, ಅಷ್ಟು ಮಾತಾಡುವವಳು. ಆಮೇಲೆ ನಾನು ಕೈಕಾಲು ಚಾಚಿ ಜಗುಲಿಯಲ್ಲಿ ಕೂತಿದ್ದಾಗ ಅವಳು ಗೋಣಿಚೀಲವನ್ನು ಕಲ್ಲಿನ ಮೇಲೆ ಒಗೆದು ಬಿಸಿಲಿಗೆ ಹಾಕಿದಳು. ನಾಲ್ಕರ ಬಸ್ಸಿಗೆ ನಿಲ್ದಾಣದವರೆಗೆ ಬಂದಳು. ಮಡಿಸಿದ ಚೀಲವನ್ನು ಕಿಟಕಿಯಿಂದ ಕೊಟ್ಟಳು. ಬಸ್ಸು ಹೊರಟಾಗ ಬೇರೆ ಕಡೆ ನೋಡುತ್ತಿದ್ದಳು. ಹೋಗಿ ಬರ್ತೀನಿ ಅಂದದ್ದು ಕೇಳಿಸಿತೋ ಇಲ್ಲವೋ.

ಇಲ್ಲಿ ಐದು ಬುಡ ಇದೆ. ಅವುಗಳ ಕುಡಿ ಮುಟ್ಟಿಲ್ಲ.

6.10

ಚೀಲವನ್ನು ಅಟ್ಟಕ್ಕೆ ಹಾಕಲು ಬಿಡಿಸಿದೆ. ಮೂಲೆಯಲ್ಲಿ ಗಂಟು ಇದೆ. ಒತ್ತಿ ನೋಡಿದೆ. ಒಳಗೆ ಏನೂ ಇಲ್ಲ.

ಬಸ್ಸಿನಲ್ಲಿ ಬಿತ್ತಾ, ಹೊಲದಲ್ಲಿ ಬಿತ್ತಾ ಅಂತ ಚೀಲ ಪೂರ್ತಿ ಕೊಡವಿದೆ. ಬೆಳಕಿಗೆ ಹಿಡಿದು ನೋಡಿದೆ. ಇದು ನಾನು ಹಾಕಿದ ಗಂಟಲ್ಲ. ನಾನು ಹಾಕುವುದು ಬಲಗಡೆಯ ಎಳೆ ಮೇಲೆ ಬರುವ ಹಾಗೆ. ಇದು ಎಡಗಡೆಯದು ಮೇಲೆ. ಯಾರೋ ಬಿಚ್ಚಿದ್ದಾರೆ, ತೆಗೆದಿದ್ದಾರೆ, ಮತ್ತೆ ಕಟ್ಟಿದ್ದಾರೆ. ಯಾರೋ ಅಂದರೇನು. ಎಡಗೈಯವಳು ಒಬ್ಬಳೇ.

ಎರಡು ಸಲ ನೋಡಿದೆ. ಸರಿಯಾಗಿದೆ.

ಕೀ ಅವಳ ಹತ್ತಿರ ಇದೆ. ಆದರೆ ಗೇಟಿಗೆ ಈಗ ಇರುವುದು ಹೊಸ ಬೀಗ, ಆ ಕೀಗೆ ತೆರೆಯುವುದಿಲ್ಲ. ಹಳೆಯದು ಗೊಬ್ಬರದ ಗುಂಡಿಯಲ್ಲಿ ನಾಲ್ಕು ತಿಂಗಳ ಕಸದ ಕೆಳಗಿದೆ. ತುಕ್ಕು ಹಿಡಿದಿದ್ದರೆ ಸೀಮೆಎಣ್ಣೆ ಹಾಕಬೇಕು. ಬೆಳಕು ಇರುವಾಗಲೇ ಹೋಗಿ ಹುಡುಕುತ್ತೇನೆ.